ಮೂರು ಕೆಲಸ, ಒಂದೇ ಕೋಡ್

"ಕರುಳು ಬಿಡಿಸೋಕೆ ಎರಡು ಗಂಟೆ ಬೆವರು ಸುರಿಸಿದ್ದೀನಿ. ಅದು ನಿಮ್ಮ ಕಣ್ಣಿಗೆ ಕೆಲಸಾನೇ ಅಲ್ವಾ?"

ವಾರ್ಡಿನ ನರ್ಸುಗಳೆದುರೇ ಡಾಕ್ಟರು ಫೈಲನ್ನು ಮೇಜಿನ ಮೇಲೆ ಕುಕ್ಕಿದರು. ಇನ್ನೂ ಮದುವೆಯಾಗದ ಮನುಷ್ಯ, ಮೂಗಿನ ತುದಿಯಲ್ಲೇ ಕೋಪ.

ಎದುರಿಗೆ ನಿಂತವಳು ಬಿಲ್ಲಿಂಗಿನವಳು. ಯಾವ ಆಪರೇಷನ್‌ಗೆ ಎಷ್ಟು ದುಡ್ಡು ಎಂದು ಗೊತ್ತುಮಾಡುವ ಕೋಡ್ ಹಾಕುವುದು ಅವಳ ಕೆಲಸ. ಬಿಲ್ಲು ಕತ್ತರಿಸುತ್ತಾಳೆಂದು ಆಸ್ಪತ್ರೆಯವರೆಲ್ಲ ಅವಳನ್ನು ಕತ್ತರಿ ಎಂದೇ ಕರೆಯುತ್ತಿದ್ದರು. ಈ ಸಲ ಗರ್ಭಕೋಶ ತೆಗೆದದ್ದು, ಅಂಡಾಶಯದ ಗಡ್ಡೆ ತೆಗೆದದ್ದು, ಅಂಟಿಕೊಂಡಿದ್ದ ಕರುಳು ಬಿಡಿಸಿದ್ದು, ಮೂರಕ್ಕೂ ಸೇರಿಸಿ ಒಂದೇ ಕೋಡ್ ಕೊಟ್ಟಿದ್ದಳು.

"ಕರುಳು ಬಿಡಿಸದೆ ಗರ್ಭಕೋಶಕ್ಕೆ ಕೈ ಹೋಗುತ್ತಾ ಡಾಕ್ಟ್ರೇ? ದಾರಿ ಮಾಡ್ಕೊಂಡಿದ್ದಕ್ಕೆ ಬೇರೆ ಕೋಡ್ ಇಲ್ಲ."

"ಕುರ್ಚಿ ಬಿಸಿ ಮಾಡೋರಿಗೆ ಅದರ ಕಷ್ಟ ಏನು ಗೊತ್ತು?"

ಯಾರೋ ಕಿಸಕ್ಕನೆ ನಕ್ಕರು. ಅವಳ ಮುಖ ಕಿವಿಯವರೆಗೂ ಕೆಂಪಾಯಿತು.

ಮಧ್ಯಾಹ್ನ ಸುದ್ದಿ ಬಂತು. ಡಾಕ್ಟರು ಆಸ್ಪತ್ರೆಯ ಮುಖ್ಯಸ್ಥರಾದ ದೊಡ್ಡ ಡಾಕ್ಟರಿಗೆ ದೂರು ಕೊಟ್ಟಿದ್ದರಂತೆ, ನಾಳೆಯಿಂದ ಅವಳು ಊರಾಚೆಯ ಶಾಖೆಗೆ ಹೋಗಬೇಕಂತೆ. ಅವಳಿಗೆ ಮೈಯೆಲ್ಲ ಉರಿಯಿತು. ಅದರ ಬೆನ್ನಿಗೇ, ಇನ್ನು ಆ ಮುಖ ಕಾಣುವುದಿಲ್ಲವಲ್ಲ ಎಂಬ ಸಂಕಟ... 'ಥೂ, ನನ್ನ ಬುದ್ಧಿಗಿಷ್ಟು!'

ನೇರ ಡಾಕ್ಟರ ಕೋಣೆಗೆ ನುಗ್ಗಿದಳು. ಅವರೇ ಬರೆದ ಆಪರೇಷನ್ ವರದಿಯನ್ನು ಅವರ ಮೂಗಿನ ಕೆಳಗೆ ಹಿಡಿದಳು. ಅದರಲ್ಲಿದ್ದದ್ದು, 'ಸರಾಗವಾಗಿ ಮುಗಿಯಿತು.'

"ಕಷ್ಟ ಆಯ್ತು, ಯಾಕೆ ಆಯ್ತು ಅಂತ ಬರೆದಿದ್ರೆ ಅದೇ ಕೋಡಿಗೆ ಹೆಚ್ಚಿನ ಶ್ರಮದ ಗುರುತು ಹಾಕ್ತಿದ್ದೆ, ದುಡ್ಡೂ ಹೆಚ್ಚು ಬರ್ತಿತ್ತು. ಪ್ರತಿ ಸಲ ಅದನ್ನ ಕೇಳೋಕೇ ಬರ್ತಿದ್ದೆ. ನೀವು ಬಾಯಿ ಬಿಡೋಕೆ ಬಿಟ್ರೆ ತಾನೇ?"

ಡಾಕ್ಟರು ವರದಿಯನ್ನು ಪಕ್ಕಕ್ಕೆ ಸರಿಸಿದರು. ಕಷ್ಟವಾಯಿತೆಂದು ಬರೆದರೆ ಕೈ ಪಳಗದವನು ಅನ್ನುತ್ತಾರೆ ಎಂದು ಗೊಣಗಿದರು. ಆಮೇಲೆ ಮತ್ತೆ ಸಿಡುಕಿದರು.

"ಬೇರೆಯವರಿಗೆಲ್ಲ ಕಂಪ್ಯೂಟರಲ್ಲೇ ಕೇಳ್ತೀರಿ. ನನ್ನ ಫೈಲ್ ಮಾತ್ರ ಎಲ್ಲರೆದುರು ಹೊತ್ಕೊಂಡು ಬರ್ತೀರಿ. ನನ್ನ ಮರ್ಯಾದೆ ಕಳೆಯೋಕೆ ಅಂದ್ಕೊಂಡೆ. ಅದಕ್ಕೇ ದೂರು ಕೊಟ್ಟೆ."

ಹೇಗೂ ನಾಳೆ ಹೋಗುವವಳು, ಇನ್ನು ಮುಚ್ಚಿಟ್ಟು ಏನು ಪ್ರಯೋಜನ?

"ನಿಮ್ಮನ್ನ ನೋಡೋಕೆ ಬರ್ತಿದ್ದೆ," ಎಂದಳು, ಬೈಯುವ ದನಿಯಲ್ಲೇ. "ಸಮಾಧಾನ ಆಯ್ತಾ ಈಗ?"

ಡಾಕ್ಟರು ಅವಳನ್ನೇ ನೋಡುತ್ತ ಫೋನೆತ್ತಿಕೊಂಡರು. ದೂರು ವಾಪಸ್, ತಪ್ಪು ತನ್ನ ವರದಿಯದ್ದು, ಅವಳು ಇಲ್ಲೇ ಇರಲಿ ಎಂದು ದೊಡ್ಡ ಡಾಕ್ಟರಿಗೆ ಹೇಳಿ ಇಟ್ಟರು.

"ದೂರು ಕೊಟ್ಟ ಮೇಲೆ ನಂಗೆ ಮಧ್ಯಾಹ್ನದ ಊಟಾನೇ ಸೇರ್ಲಿಲ್ಲ," ಎಂದರು ಮೆಲ್ಲಗೆ. "ನಾಳೆನೂ ಬರ್ತೀರಲ್ಲ?"

"ನಾಳೆ ನಿಮ್ಮ ಆಪರೇಷನ್ ಯಾವುದೂ ಇಲ್ಲ."

"ಇಲ್ದಿದ್ರೂ ಬನ್ನಿ."