ಕಾಡಂಚು ಬ್ಯಾಂಡಿನ ಒದ್ದೆ ಕೀಬೋರ್ಡು

ದೊಡ್ಡಮಲ್ಲಮ್ಮ ಒಳಗೆ ಬರಲಿಲ್ಲ. ಹೊಸ್ತಿಲ ಆಚೆಯೇ ನಿಂತು, ಸೆರಗಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಮಾತಾಡಿದಳು.

“ಮೇಡಮ್ಮಾರೇ, ನಮ್ ಹೈದನ್ನ ನೆನ್ನೆ ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಲ್ಲಿ ಕಿವಿ ಇಡಿಸಿ ಬಸ್ಕಿ ಒಡ್ಸುಬುಟ್ರು. ಅಷ್ಟು ಜನದ ಮುಂದ. ಮನ್ಗೆ ಬಂದೋನು ಗೋಡೆ ಕಡೆ ತಿರುಕ್ಕೊಂಡು ಮನ್ಗವ್ನೆ. ಅನ್ನ ಮುಟ್ಟಿಲ್ಲ. ಸೊಸೈಟಿ ಸೆಕ್ರೆಟ್ರಿ ಏಳಿ ಕಳ್ಸವ್ರೆ, ಈ ಮಾತು ಇತ್ಯರ್ಥ ಆಗೋಗಂಟ ಕೆಲ್ಸಕ್ಕೆ ಬರಬ್ಯಾಡ ಅಂತ.”

“ಒಳಗೆ ಬಾಮ್ಮ. ಯಾಕೆ ಹೊಡೆಸಿದರು?” ಎಂದರು ಸ್ವರ್ಣಲತಾ ಮೇಡಂ.

“ಆ ಹಾಡೋರ ಕೀಬೋಲ್ಡಿಗೆ ನೀರು ಉಯ್ದನಂತೆ. ಉಯ್ದಿಲ್ಲ ಕಣವ್ವ. ನಮ್ಮಪ್ಪನಾಣೆ ಉಯ್ದಿಲ್ಲ.”

ಚಾಮರಾಜನಗರ ಇನ್ನೂ ಜಿಲ್ಲೆಯಾಗಿರದ ಕಾಲ ಅದು. ಮೇಡಂ ಕನ್ನಡ ಮೇಷ್ಟ್ರ ಕೆಲಸದಿಂದ ನಿವೃತ್ತಿಯಾಗಿದ್ದರು. ಊರಿನಲ್ಲಿ ಒಡವೆ ಕಳೆದರೂ, ಹಸು ತಪ್ಪಿಸಿಕೊಂಡರೂ, ಗಂಡ ಹೆಂಡತಿಯ ನಡುವೆ ಅನುಮಾನ ಬಂದರೂ ಜನ ಠಾಣೆಗೆ ಮುಂಚೆ ಅವರ ಜಗಲಿಗೆ ಬರುತ್ತಿದ್ದರು. ನಾನು ಅವರಲ್ಲಿ ಅಕ್ಷರ ಕಲಿಯಲು ಬಂದವಳು. ಕಲಿತ ಮೇಲೂ ಹೋಗದೆ ಉಳಿದುಬಿಟ್ಟೆ. ಅವರು ಎಲ್ಲಿ ಹೊರಟರೂ ಜೊತೆಗೆ ಕೊಡೆ ಹಿಡಿದು ನಾನಿರಬೇಕು.

ಕಾಡಂಚು ಬ್ಯಾಂಡಿನ ಜಗಳ ನಮಗೂ ಗೊತ್ತಿತ್ತು. ಮೂರೇ ಜನ. ಗಿಟಾರ್ ಹಿಡಿದು ಹಾಡು ಕಟ್ಟುವ ಪ್ರದೀಪ್, ಜೊತೆಗೆ ಹಾಡುವ ಶಿವರಂಜಿನಿ, ತಮಟೆಯ ಮುದ್ದಯ್ಯ. ಸಿನಿಮಾ ಹಾಡು ಮುಟ್ಟುತ್ತಿರಲಿಲ್ಲ. ಎಲ್ಲ ಅವರದೇ ಹಾಡು, ಅವರೇ ಮಾಡಿಸಿದ ಕ್ಯಾಸೆಟ್ಟು. ಪುಣಜನೂರಿನ ಟೀ ಅಂಗಡಿಯಲ್ಲೂ ಅದೇ ಹಾಡುತ್ತಿತ್ತು. ಆ ವರ್ಷ ಪ್ರದೀಪ್ ಕೊಯಮತ್ತೂರಿನಿಂದ ಕೀಬೋರ್ಡು ತಂದ, ತಾಳವೂ ಅದರಲ್ಲೇ ಬರತೊಡಗಿ ತಮಟೆ ನಿಂತಿತು. ಅಭಿಮಾನಿಗಳು ಅಲ್ಲಿಗೆ ಎರಡಾದರು. ಗುಂಡ್ಲುಪೇಟೆಯ ಕಾಲೇಜು ಹುಡುಗರು ಈಗಲೇ ಬ್ಯಾಂಡು ಬ್ಯಾಂಡಿನ ಹಾಗಾಯಿತು ಎಂದು ಕುಣಿದರು. ಹರದನಹಳ್ಳಿ ಕಡೆಯವರು, ತಮಟೆ ಇಲ್ಲದ ಮೇಲೆ ಅದೇನು ಕಾಡಂಚು ಎಂದು ಮುಖ ತಿರುಗಿಸಿದರು. ದೊಡ್ಡಮಲ್ಲಮ್ಮನ ಮಗ ಶಿವರಾಮು ಹರದನಹಳ್ಳಿಯವರ ಮುಂದಾಳು. ಹಿಂದಿನ ಕಾರ್ಯಕ್ರಮದಲ್ಲಿ ಬೆಂಚಿನ ಮೇಲೆ ಹತ್ತಿ, “ಆ ಪೆಟ್ಗೆಗೆ ಒಂದು ಬಿಂದ್ಗೆ ನೀರು ಉಯ್ರೋ!” ಎಂದು ಕೂಗಿದ್ದ. ಎಲ್ಲರೂ ನಕ್ಕಿದ್ದರು. ಈಗ ನಿಜವಾಗಿ ಯಾರೋ ಹುಯ್ದಿದ್ದರು.

ಬ್ಯಾಂಡಿನ ಕೋಣೆ ಸಂತೇಮರಹಳ್ಳಿ ರಸ್ತೆಯ ಹೆಂಚಿನ ಮನೆಯ ಹಿಂಭಾಗದಲ್ಲಿತ್ತು. ನಾವು ಹೋದಾಗ ಮೂವರೂ ಇದ್ದರು. ಪ್ರದೀಪ್ ಎದ್ದು ಮೇಡಂಗೆ ಕುರ್ಚಿ ಹಾಕಿದ. ಕಣ್ಣು ಕೆಂಪಗಿತ್ತು.

“ಪೊಲೀಸಿಗೆ ಕೊಟ್ಟಿಲ್ಲ ಮೇಡಂ. ನಮ್ಮ ಹಾಡು ಕೇಳೋ ಹುಡುಗ. ಹೋಗಲಿ ಬಿಡಿ ಅಂದ್ಕೊಂಡಿದೀನಿ,” ಎಂದ.

“ದೊಡ್ಡ ಮನಸ್ಸು,” ಎಂದರು ಮೇಡಂ. “ಬಾಗಿಲು ಒಡೆದಿತ್ತಾ?”

“ಒಡೆಯೋದೇನ್ ಬಂತು?” ಎಂದಳು ಶಿವರಂಜಿನಿ. “ಹಿಂದ್ಗಡೆ ಚಿಲ್ಕ ಸಡ್ಲ. ಹೊರಗಿಂದ ಒಂದು ಕಡ್ಡಿ ತೂರಿಸಿದ್ರೆ ಬೀಳ್ತದೆ. ಊರಿಗೇ ಗೊತ್ತು.”

ಕೀಬೋರ್ಡು ಬೆಂಚಿನ ಮೇಲೆ ಮಲಗಿತ್ತು. ಅದರ ಬಿಳಿ ಕಪ್ಪು ಮನೆಗಳ ಸಂದಿಯಲ್ಲಿ ಇನ್ನೂ ತೇವ. ನಾನು ಅಲ್ಲಾಡಿಸಿದರೆ ಒಳಗೆ ನೀರು ಕುಲುಕಿತು. ಮೇಡಂ ಅದನ್ನು ನೋಡದೆ ಗೋಡೆಯ ಗೂಡನ್ನು ನೋಡುತ್ತಿದ್ದರು. ಅಲ್ಲಿ ಬೆಂಕಿಪೊಟ್ಟಣದಷ್ಟು ಗಾತ್ರದ ಮಾದಪ್ಪ ದೇವರ ಪಟವಿತ್ತು. ತೆಗೆದು ಹಿಂದೆ ಮುಂದೆ ನೋಡಿದರು. ಹಿಂಬದಿಯಲ್ಲಿ ಒಣಗಿದ ಗೋಂದು. ಪಟ ಗರಿಗರಿಯಾಗಿತ್ತು, ಒಂದು ಹನಿ ನೀರಿನ ಕಲೆ ಇರಲಿಲ್ಲ.

“ಮೂಗಮ್ಮ, ಕೀಬೋರ್ಡು ಸ್ವಲ್ಪ ಮಗುಚು.”

ಮಗುಚಿದೆ. ತಳದ ಮೂಲೆಯಲ್ಲಿ ಅಷ್ಟೇ ಗಾತ್ರದ ಗೋಂದಿನ ಗುರುತಿತ್ತು.

“ತಂದ ದಿನ ನಾನೇ ಅಂಟಿಸ್ದೆ,” ಎಂದಳು ಶಿವರಂಜಿನಿ. “ಮೇಲೆ ಅಂಟ್ಸಿದ್ರೆ ಕಾಲೇಜು ಹುಡುಗ್ರು ನಗ್ತಾರೆ ಅಂತ ಪ್ರದೀಪಣ್ಣ ಅಂದ್ರು. ಅದ್ಕೆ ಅಡೀಲಿ. ನಾವು ಮೂರ್ಜನ ಬಿಟ್ರೆ ಯಾರಿಗೂ ಗೊತ್ತಿಲ್ಲ.”

“ಮೊನ್ನೆ ರಾತ್ರಿ ನೀನು ಎಲ್ಲಿದ್ದೆ?”

“ಉಡಿಗಾಲದಲ್ಲಿ. ಅಕ್ಕನ ಮಗೀಗೆ ತೊಟ್ಲು ಶಾಸ್ತ್ರ. ನೆನ್ನೆ ಮಧ್ಯಾಹ್ನದ ಬಸ್ಸಿಗೆ ಬಂದೆ, ಬಂದ್ರೆ ಈ ರಂಪ.”

ಮೇಡಂ ಮುದ್ದಯ್ಯನ ಕಡೆ ತಿರುಗಿದರು. ಅವನು ಮೂಲೆಯಲ್ಲಿ ತಮಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದ.

“ಮೊದಲು ನೋಡಿದವನು ನೀನಂತೆ.”

“ಊ ಕಣವ್ವ. ನೆನ್ನೆ ಬೆಳಿಗ್ಗೆ ತಮಟೆ ಒತ್ಕೊಂಡು ಬಂದಿ. ಪ್ರದೀಪಪ್ನೋರು ಬಾಗ್ಲು ತಗುದ್ರು. ನೋಡುದ್ರೆ ಇಂಗಾಗದೆ.”

“ಕೀಬೋರ್ಡು ಬಂದ ಮೇಲೆ ನಿನಗೆ ತಮಟೆ ಕೆಲಸ ಎಲ್ಲಿತ್ತು?”

“ಇರ್ನಿಲ್ಲ. ಪಕ್ಕದಲ್ಲಿ ನಿಂತ್ಕೊಂಡು ಚಪ್ಪಾಳೆ ತಟ್ತಿದ್ದಿ.” ಮುದ್ದಯ್ಯ ನಕ್ಕ. “ಮೊನ್ನೆ ಸಾಯಂಕಾಲ ಪ್ರದೀಪಪ್ನೋರೇ ಅಂದ್ರು, ಗುಂಡ್ಲುಪೇಟೆ ಪ್ರೋಗ್ರಾಮಿಗೆ ತಮಟೆ ತತ್ತಾ, ಕಾಯ್ಸಕ್ಕೆ ಒಣುಲ್ಲೂ ಕಟ್ಕೊಂಡ್ ಬಾ ಅಂತ. ನಂಗೆ ಖುಷಿ ಆಗೋಯ್ತು.”

ಪ್ರದೀಪ್ ಗಿಟಾರಿನ ತಂತಿ ಬಿಗಿ ಮಾಡುತ್ತಿದ್ದ. ಏನೂ ಹೇಳಲಿಲ್ಲ. ಮೇಡಂ ಪಟವನ್ನು ಸೆರಗಿಗೆ ಕಟ್ಟಿಕೊಂಡು ಎದ್ದರು.

ದಾರಿಯಲ್ಲಿ ನಾನು ತಡೆಯಲಾರದೆ ಕೇಳಿದೆ. “ಗೊತ್ತಾಯ್ತಾ ಮೇಡಂ?”

“ಗೊತ್ತಾಗಬಾರದಿತ್ತು ಅನ್ನಿಸುತ್ತಿದೆ ಮೂಗಮ್ಮ. ಉಡಿಗಾಲಕ್ಕೆ ಹೋಗಿ ತೊಟ್ಟಿಲ ಮನೆಯವರನ್ನು ವಿಚಾರಿಸು, ಹಾಗೇ ಶಿವರಾಮುನ ಎಬ್ಬಿಸಿಕೊಂಡು ಬಾ. ಮುಖ ತೊಳೆದುಕೊಂಡು ಬರಲಿ.”

ಆ ಮಧ್ಯಾಹ್ನ ಗುಂಡ್ಲುಪೇಟೆಯಲ್ಲಿ, ಸಂಜೆಯ ಕಾರ್ಯಕ್ರಮದ ಮೈದಾನದ ಪಕ್ಕದ ಶಾಲೆಯ ಒಂದು ಕೊಠಡಿಯಲ್ಲಿ ಎಲ್ಲರೂ ಸೇರಿದೆವು. ಬ್ಯಾಂಡಿನ ಮೂವರು. ಗೋಡೆಗೆ ಒತ್ತಿಕೊಂಡು ಶಿವರಾಮು, ಅವನ ತಾಯಿ. ಬಸ್ಕಿ ಹೊಡೆಸಿದ ಗುಂಪಿನ ರಾಜಣ್ಣ ತನ್ನ ನಾಲ್ಕಾರು ಹುಡುಗರೊಂದಿಗೆ ಬಂದಿದ್ದ.

“ಏನ್ ಮೇಡಂ, ಪೆಟ್ಗೆ ಕೊಂದೋನ್ಗೆ ಸನ್ಮಾನವಾ?” ಎಂದ ರಾಜಣ್ಣ. ಹುಡುಗರು ಕಿಸಕ್ಕೆಂದರು.

“ಕೂತುಕೋ ರಾಜಣ್ಣ. ಆಮೇಲೆ ನಗುವೆಯಂತೆ.” ಮೇಡಂ ಪಟವನ್ನು ಮೇಜಿನ ಮೇಲಿಟ್ಟರು. “ಇದು ಕೀಬೋರ್ಡಿನ ಅಡಿಯಲ್ಲಿ ಅಂಟಿತ್ತು. ನೀರು ಹುಯ್ದವನು ಮೊದಲು ಇದನ್ನು ಕಿತ್ತು ಗೂಡಿನಲ್ಲಿಟ್ಟಿದ್ದಾನೆ. ಆಮೇಲೆ ಕಿತ್ತಿದ್ದರೆ ನೆನೆದಿರುತ್ತಿತ್ತು. ಮಾದಪ್ಪನ ಮೇಲೆ ನೀರು ಬೀಳಬಾರದು ಅಂತ ಭಯ ಅವನಿಗೆ.”

“ಅದ್ನೇ ನಾವೂ ಯೇಳದು! ಮಾದಪ್ಪನ ಒಕ್ಲು ಯಾರು? ಅರದನಳ್ಳಿಯೋರು ತಾನೇ?”

“ನೀನಲ್ಲವಾ?”

ರಾಜಣ್ಣನ ಕೈ ಕೊರಳಿಗೆ ಹೋಯಿತು. ಅವನ ಕೊರಳಲ್ಲೂ ಅದೇ ದೇವರ ದಾರವಿತ್ತು.

“ಈ ಕಡೆ ಎಲ್ಲರೂ ಅವನ ಒಕ್ಕಲೇ. ಹಾಗಾಗಿ ಭಕ್ತಿ ಯಾರನ್ನೂ ತೋರಿಸಿಕೊಡುವುದಿಲ್ಲ. ಆದರೆ ಪಟ ತಳದಲ್ಲಿದೆ ಅಂತ ಹೊರಗಿನವನಿಗೆ ಹೇಗೆ ಗೊತ್ತು? ಕದ್ದು ನುಗ್ಗಿದವನು ನೀರು ಹುಯ್ದು ಓಡುತ್ತಾನೆ, ಮಗುಚಿ ನೋಡುತ್ತಾ ಕೂರುವುದಿಲ್ಲ. ಗೊತ್ತಿದ್ದವರು ಮೂವರೇ. ಶಿವರಂಜಿನಿ ಉಡಿಗಾಲದಲ್ಲಿದ್ದಳು, ತೊಟ್ಟಿಲ ಮನೆಯವರನ್ನು ಮೂಗಮ್ಮ ವಿಚಾರಿಸಿದ್ದಾಳೆ.”

ನಾನು ಹೌದೆಂದು ತಲೆಯಾಡಿಸಿದೆ. ಎಲ್ಲರ ಕಣ್ಣು ಮುದ್ದಯ್ಯನ ಮೇಲೆ ಹೋಯಿತು. ಅವನು ತಮಟೆಯನ್ನು ಎದೆಗೆ ಅವುಚಿಕೊಂಡ.

“ನಾನಲ್ಲ ಕಣ್ರವ್ವ...”

“ನೀನಲ್ಲ. ಮೊನ್ನೆ ಸಂಜೆ ಕೀಬೋರ್ಡು ಚೆನ್ನಾಗಿತ್ತು. ಗುಂಡ್ಲುಪೇಟೆಯ ಹಾಡುಗಳಲ್ಲಿ ತಮಟೆಗೆ ಜಾಗವೇ ಇರಲಿಲ್ಲ. ಅಂಥದ್ದರಲ್ಲಿ ತಮಟೆ ತಾ, ಅದರ ಚರ್ಮ ಕಾಯಿಸಲು ಹುಲ್ಲೂ ತಾ ಅಂತ ಒಬ್ಬರು ಹೇಳಿದರು. ಬೆಳಗಾಗುವುದರೊಳಗೆ ಕೀಬೋರ್ಡು ಕೆಡುತ್ತದೆ ಅಂತ ಅವರಿಗೆ ಮುಂಚೆಯೇ ಗೊತ್ತಿತ್ತು. ಮುದ್ದಯ್ಯ ಈ ಮಾತು ಕಟ್ಟಿ ಹೇಳಿದ್ದರೆ, ಎದುರಿಗೇ ಕೂತಿದ್ದ ನೀನು, ನಾನೆಲ್ಲಿ ಹೇಳಿದೆ ಅಂತ ಕೇಳಬೇಕಿತ್ತಲ್ಲಪ್ಪ ಪ್ರದೀಪ್?”

ಹುಡುಗರ ತಲೆಗಳೆಲ್ಲ ಪ್ರದೀಪನ ಕಡೆ ತಿರುಗಿದವು.

“ಪ್ರದೀಪಣ್ಣನಾ?” ಎಂದ ರಾಜಣ್ಣ. “ಅವ್ರ ಪೆಟ್ಗೆಗೆ ಅವ್ರೇ ಯಾಕೆ ಮೇಡಂ...”

“ಅವನೇ ಹೇಳಲಿ.”

ಪ್ರದೀಪ್ ನೆಲ ನೋಡಿದ. ಆಮೇಲೆ ಮಾತು ಒಂದೊಂದಾಗಿ ಬಂತು. “ಕೀಬೋರ್ಡಲ್ಲಿ ನಮ್ಮ ಹಾಡು ಸತ್ತೋಗ್ತಿತ್ತು. ಎರಡನೇ ಪ್ರೋಗ್ರಾಮಿಗೇ ನಂಗೆ ಗೊತ್ತಾಯ್ತು. ಆದ್ರೆ ಸ್ಟೇಜ್ ಮೇಲೆ ನಿಂತು ನಾನೇ ಹೇಳಿದ್ದೆ, ಇನ್ಮೇಲೆ ಇದೇ ಕಾಡಂಚು, ಇಷ್ಟ ಇಲ್ದೋರು ಎದ್ದು ಹೋಗಿ ಅಂತ. ಶಿವರಾಮು ಎದ್ದು ಹೋದ. ಈಗ ವಾಪಸ್ ತಮಟೆಗೆ ಬಂದ್ರೆ ಇವ್ರೆಲ್ಲ ಏನಂತಾರೆ? ಕೀಬೋರ್ಡು ಕೆಟ್ಟೋಯ್ತು, ವಿಧಿ ಇಲ್ಲ ಅಂದ್ರೆ ಯಾರೂ ಏನೂ ಅನ್ನಲ್ಲ ಅಂದ್ಕೊಂಡೆ.”

“ಕೆಟ್ಟುಹೋಯಿತು ಅಂದಿದ್ದರೆ ಸಾಕಿತ್ತು. ನೀರೇ ಯಾಕೆ?”

ಪ್ರದೀಪ್ ಶಿವರಾಮುವಿನ ಕಡೆ ನೋಡಿ ಮುಖ ತಿರುಗಿಸಿದ.

“ಶಿವರಾಮು ನೀರು ಹುಯ್ರೋ ಅಂತ ಕೂಗಿದ್ದ,” ಎಂದರು ಮೇಡಂ. “ಅವನ ಹೆಸರು ಬರುತ್ತದೆ ಅಂತ ನಿನಗೆ ಗೊತ್ತಿತ್ತು. ಅವನಿಗೆ ಬಸ್ಕಿ ಹೊಡೆಸಿದ ಸುದ್ದಿ ಬಂದ ಮೇಲೂ ಸುಮ್ಮನಿದ್ದೆ. ದೇವರ ಪಟವನ್ನು ಜೋಪಾನವಾಗಿ ಎತ್ತಿಟ್ಟೆ. ಈ ತಾಯಿ ಮುಖ ಮುಚ್ಚಿಕೊಂಡು ಊರೊಳಗೆ ನಡೆಯುವ ಹಾಗೆ ಮಾಡಿದೆ.”

ಶಿವರಂಜಿನಿ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಂತಳು. ರಾಜಣ್ಣನ ಹುಡುಗರು ಒಬ್ಬೊಬ್ಬರಾಗಿ ಬಾಗಿಲ ಕಡೆ ಸರಿಯತೊಡಗಿದರು. “ಎಲ್ಲೋಗ್ತಿರ್ಲಾ? ನಿಂತ್ಕಳ್ಳಿ,” ಎಂದು ರಾಜಣ್ಣ ಗದರಿಸಿದ. “ಶಿವರಾಮು, ತಪ್ಪಾಗೋಯ್ತು ಕಣ್ಲಾ. ನಾನೇ ಎಣಿಸ್ದೋನು, ಒಂದು ಎರಡು ಅಂತ. ಬುಟ್ಬುಡು ಅನ್ನಕ್ಕೂ ನಂಗೆ ಮುಖ ಇಲ್ಲ.”

ಪ್ರದೀಪ್ ಕೈ ಮುಗಿದ. “ಸಂಜೆ ಸ್ಟೇಜ್ ಮೇಲೆ ಮೈಕಲ್ಲಿ ಹೇಳ್ತೀನಿ ಶಿವರಾಮು. ಎಲ್ರ ಮುಂದೆ ನಿನ್ ಕ್ಷಮೆ ಕೇಳ್ತೀನಿ. ನಿಮ್ ಸೆಕ್ರೆಟ್ರಿ ಹತ್ರಾನೂ ಬರ್ತೀನಿ.”

ಶಿವರಾಮು ಗೋಡೆ ಬಿಟ್ಟು ಮುಂದೆ ಬಂದ.

“ಮೈಕ್ ಬ್ಯಾಡ ಕಣಣ್ಣ,” ಎಂದ. “ಅಲ್ಲಿ ಬರೋರು ನಿಮ್ ಜನ. ನೀವು ಏನಂದ್ರೂ ಚಪ್ಪಾಳೆ ಒಡಿತಾರೆ. ಕ್ಷಮೆ ಕೇಳುದ್ರೂ ಒಡಿತಾರೆ. ನಾನು ಬಸ್ಕಿ ಒಡುದ್ದು ಬಸ್‌ಸ್ಟ್ಯಾಂಡಲ್ಲಿ. ನೋಡ್ದೋರು ದಿನಾ ಅಲ್ಲೇ ಇರೋರು. ಹೂ ಮಾರೋರು, ಕಂಡಕ್ಟ್ರು, ನಮ್ ಸೊಸೈಟಿಗೆ ಬರೋ ರೈತ್ರು. ಅಲ್ಲಿ ಬಂದು ಏಳಿ.”

ಎಲ್ಲರೂ ನಡೆದೇ ಹೋದೆವು. ಸುಲ್ತಾನ್ ಬತ್ತೇರಿಯ ಬಸ್ಸು ಹೊರಡುವ ಹೊತ್ತು. ಹಾರ್ನು, ಕಡಲೆಕಾಯಿ ಮಾರುವವರ ಕೂಗು, ಮೂಟೆ ಇಳಿಸುವವರ ಗಲಾಟೆ. ರಾಜಣ್ಣ ತೋರಿಸಿದ ಜಾಗದಲ್ಲಿ ಪ್ರದೀಪ್ ನಿಂತ. ಕೆಲವರು ಗುರುತು ಹಿಡಿದು, ಹಾಡುತ್ತಾನೆಂದು ಸುತ್ತ ಸೇರಿದರು. ದೊಡ್ಡಮಲ್ಲಮ್ಮ ನನ್ನ ಕೈ ಹಿಡಿದುಕೊಂಡಳು.

“ಕೀಬೋರ್ಡಿಗೆ ನೀರು ಹುಯ್ದದ್ದು ನಾನು,” ಎಂದ ಪ್ರದೀಪ್. ಹಳ್ಳಿ ಹಳ್ಳಿಯ ಮೈದಾನ ತುಂಬುತ್ತಿದ್ದ ಆ ಗಂಟಲು ಮೊದಲ ಸಾಲಿನವರಿಗೂ ಮುಟ್ಟಲಿಲ್ಲ. ಹೂವಿನ ಬುಟ್ಟಿಯ ಹೆಂಗಸು, “ಏನಂತೆ? ಏನ್ ಯೋಳ್ತಾವ್ನೆ?” ಎಂದು ಪಕ್ಕದವರನ್ನು ಕೇಳಿದಳು.

ಗುಂಪಿನ ಹಿಂದಿನಿಂದ ಶಿವರಾಮು ಕೂಗಿದ.

“ಕೇಳುಸ್ತಿಲ್ಲ ಕಣಣ್ಣ. ಜೋರಾಗಿ ಏಳು.”