ಒಂಬತ್ತರ ಜಾಗದಲ್ಲಿ ಏಳು

ಗೋಡೆಯ ಮೇಲಿದ್ದದ್ದು ಒಂಬತ್ತಲ್ಲ, ಏಳು.

ಅದನ್ನು ಮೊದಲು ಕಂಡವಳು ಮದುಮಗಳು ನಜ್ಲಾ. ಸೋಮವಾರ ಅವಳ ಬಳುವಳಿಯೆಲ್ಲ ಮೂರು ಲಾರಿ ತುಂಬಿ, ಬಂದರು ಊರು ಪೋರ್ಟ್ ಸಯೀದಿನ ಬೀದಿಗಳಲ್ಲಿ ಹಾರನ್ ಹೊಡೆಸಿಕೊಂಡು ಹೊಸಮನೆಗೆ ಬಂದಿತ್ತು. ಮಂಗಳವಾರ ಮಧ್ಯಾಹ್ನ ಪಾತ್ರೆ ಜೋಡಿಸಲು ಬಂದವಳು ಟಿವಿ ಹಾಕಿ, ಅಡುಗೆಮನೆಯ ಬಾಗಿಲಿಂದ ಓರೆಯಾಗಿ ನೋಡಿದಳು. ತೆರೆಯ ಮೇಲಿನ ಮುಖಗಳೆಲ್ಲ ಬೂದಿ ಬಳಿದುಕೊಂಡಂತಿದ್ದವು. ಒಂದೇ ಕಂಪನಿಯ ಏಳನೇ ಮಾದರಿ, ಒಂಬತ್ತನೇ ಮಾದರಿ ಎರಡನ್ನೂ ಅಂಗಡಿಯಲ್ಲಿ ಅಕ್ಕಪಕ್ಕ ಇಡಿಸಿ ಒಂದು ಗಂಟೆ ನೋಡಿದವಳು ಅವಳು. ಅಡುಗೆ ಮಾಡುತ್ತಲೇ ನೋಡಬೇಕು, ಓರೆಯಿಂದಲೂ ಬಣ್ಣ ಬಾಡಬಾರದು ಅಂತಲೇ ಒಂಬತ್ತನ್ನು ಆರಿಸಿದ್ದಳು.

ಬಳುವಳಿ ಪಟ್ಟಿಯಲ್ಲಿದ್ದದ್ದೂ ಒಂಬತ್ತೇ. ಕೆಳಗೆ ಮದುಮಗ ಹೈಸಮ್‌ನ ಸಹಿ. ಆ ಊರಲ್ಲಿ ಪಟ್ಟಿ ಅಂದರೆ ಹುಡುಗಾಟವಲ್ಲ. ಬರೆದದ್ದೆಲ್ಲ ಹೆಣ್ಣಿನ ಸ್ವತ್ತು. ಅದರಲ್ಲಿ ಕೈಯಾಡಿಸಿದ ಗಂಡು ಜೈಲು ಕಾಣಬೇಕಾದೀತು. ಮನೆಯ ಬೀಗದಕೈ ಇದ್ದದ್ದು ಹೈಸಮ್ ಒಬ್ಬನ ಹತ್ತಿರ. ಹಿಂದಿನ ರಾತ್ರಿ ಅಲ್ಲಿ ಮಲಗಿದ್ದವನೂ ಅವನೊಬ್ಬನೇ.

ಟಿವಿ ರಿಪೇರಿಯ ಮುದುಕ ಬಯೂಮಿ ನಾಲ್ಕು ಮಹಡಿ ಹತ್ತಿ ಬರುವಾಗ ಮೇಲೆ ಒಂದು ದನಿಯೂ ಇರಲಿಲ್ಲ. ಅವನಿಗೆ ಅದು ಹಿಡಿಸಲಿಲ್ಲ. ಕೂಗಾಡುತ್ತಿದ್ದರೆ ವಾಸಿ, ಕೂಗಿ ಕೂಗಿ ತಣ್ಣಗಾದಾರು. ಸುಮ್ಮನಿರುವ ಮನೆಯಲ್ಲಿ ಯಾರೋ ಆಗಲೇ ತೀರ್ಮಾನ ಮಾಡಿರುತ್ತಾರೆ.

ಹಾಗೇ ಆಗಿತ್ತು. ಒಳಗೆ ನಜ್ಲಾಳ ತಂದೆ ಫಿಕ್ರಿ ತಲೆಮೇಲೆ ಕೈಹೊತ್ತು ಕೂತಿದ್ದ. ಹೈಸಮ್ ಗೋಡೆಗೆ ಒರಗಿ ನಿಂತಿದ್ದ. ನಜ್ಲಾಳ ಸೋದರಮಾವ ಶಹಾತಾ ಕುರ್ಚಿ ತುಂಬ ಕೂತು ಕೆಳಗಿನ ಹೋಟೆಲಿಂದ ತರಿಸಿದ ಚಹಾ ಕುಡಿಯುತ್ತಿದ್ದ. ಮೀನು ಕರಿದು ಮಾರುವ ಅಂಗಡಿಯವನು. ಅಂಗಡಿಯ ಮೇಲೇ ಮನೆ.

"ಬಾ ಉಸ್ತಾ," ಅಂದ ಶಹಾತಾ, ಕಸುಬುದಾರರನ್ನು ಕರೆಯುವ ಮರ್ಯಾದೆಯಲ್ಲಿ. "ಇದು ಏಳು ಅಂತ ಒಂದು ಮಾತು ಹೇಳ್ಬಿಡು. ಠಾಣೇಗೆ ಹೇಳಿ ಆಗಿದೆ, ಸಂಜೆಯ ಅಸರ್ ನಮಾಜ್ ಮುಗಿಸ್ಕೊಂಡು ಬರ್ತಾರೆ."

"ಅಷ್ಟೊಂದು ಅವಸರ ಯಾಕಪ್ಪ?"

"ಕಳ್ಳನಿಗೆ ಹೆಣ್ಣು ಕೊಡೋದಕ್ಕೆ ಮುಂಚೆ ಹಿಡಿಸೋದು ವಾಸಿ ತಾನೆ?"

ಹೈಸಮ್ ತಲೆಯೆತ್ತಲಿಲ್ಲ. "ನಾನು ಮುಟ್ಟಿಲ್ಲ, ಉಸ್ತಾ," ಅಂದ. ಅಷ್ಟೇ.

ಬಯೂಮಿ ಟಿವಿಯ ಮುಂದೆ ನಿಂತ. ಅಂಚು ಸಣ್ಣದು, ಬಣ್ಣ ಕಪ್ಪು, ತೆರೆಯ ಮೇಲೆ ರಕ್ಷಣೆಗೆ ಅಂಟಿಸಿದ ತೆಳು ಪ್ಲಾಸ್ಟಿಕ್ ಹಾಗೇ ಇತ್ತು. ಏಳೂ ಒಂಬತ್ತೂ ಒಂದೇ ತಾಯಿಯ ಮಕ್ಕಳು. ಎದುರಿನಿಂದ ಹೆತ್ತವಳಿಗೂ ಗುರುತು ಸಿಗದು. ಬಯೂಮಿಗೆ ಅಕ್ಷರ ಅಷ್ಟಕ್ಕಷ್ಟೇ. ಟಿವಿಯ ಹಿಂದಕ್ಕೆ ಕೈ ತೂರಿಸಿ ಬೆರಳಲ್ಲೇ ತಡವಿದ. ಕೇಬಲ್ ಚುಚ್ಚುವ ತೂತು ಎರಡು. ಒಂಬತ್ತಕ್ಕಾದರೆ ನಾಲ್ಕಿರಬೇಕು.

"ಏಳೇ," ಅಂದ.

"ನೋಡಿದ್ರಾ?" ಶಹಾತಾ ಲೋಟ ಕೆಳಗಿಟ್ಟ.

ಬಯೂಮಿ ಹೊರಗೆ ತೆಗೆದ ಬೆರಳನ್ನು ಮೂಗಿನ ಹತ್ತಿರ ಹಿಡಿದ. ಕರವಸ್ತ್ರದಲ್ಲಿ ಒರೆಸಿಕೊಂಡು ಫಿಕ್ರಿಯ ಕಡೆ ತಿರುಗಿದ.

"ಟಿವಿ ಅಂಗಡಿಯವನೇ ಬೇರೆ ತುಂಬಿ ಕೊಟ್ಟಿರಬಹುದಲ್ಲ?"

"ಇಲ್ಲ, ನಾನೇ ನಿಂತು ಹಾಕಿಸಿ ನೋಡಿ, ಪೆಟ್ಟಿಗೆಗೆ ಟೇಪ್ ಹೊಡೆಸಿದೆ."

"ಆಮೇಲೆ ಎಲ್ಲಿತ್ತು?"

"ನಮ್ಮದು ಒಂದೂವರೆ ಕೋಣೆ. ಇಪ್ಪತ್ತು ದಿನ ಈ ನಮ್ಮ ಭಾವನ ಮನೇಲಿಟ್ಟಿದ್ವಿ. ಫ್ರಿಜ್ಜು, ಒಲೆ ಎಲ್ಲಾ."

"ಟೇಪ್ ಹರಿದಿರ್ಲಿಲ್ಲ," ಅಂದ ಶಹಾತಾ. "ಲಾರಿಗೆ ಏರಿಸುವಾಗ ಬೀದಿಯವರೆಲ್ಲಾ ನೋಡಿದ್ದಾರೆ."

"ಗೋಡೆಗೆ ಹಾಕಿದವ್ರು ಯಾರು?"

"ನಾನೇ, ನಿನ್ನೆ," ಅಂದ ಶಹಾತಾ. "ಯಾಕೆ?"

"ಒಬ್ಬರೇ?"

"ಮಾವ ಯಾರನ್ನೂ ಒಳಗೆ ಬಿಡಲಿಲ್ಲ," ಅಂದಳು ನಜ್ಲಾ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. "ಕೈಗೆ ಕಾಲಿಗೆ ಸಿಕ್ಕಬೇಡಿ ಅಂತ ಬಾಗಿಲು ಹಾಕ್ಕೊಂಡ್ರು."

"ಉಪಕಾರ ಮಾಡಿದ್ದೂ ತಪ್ಪಾ?" ಶಹಾತಾ ನಕ್ಕ. "ಲೋ ಹೈಸಮ್, ಯಾವನಿಗೆ ಮಾರಿದೆ ಹೇಳೋ. ಹಡಗಿನವರಿಗಾ?"

ಬಯೂಮಿ ಟಿವಿಯ ಮೂಲೆಯಲ್ಲಿ ಉಗುರು ಹಾಕಿ ಪ್ಲಾಸ್ಟಿಕ್ ಎಬ್ಬಿಸಿದ.

"ಏಯ್, ತೆಗೀಬೇಡ," ಅಂದ ಫಿಕ್ರಿ. "ಹೊಸಾದು."

"ಹೊಸಾದು ಅಂತ ಯಾರು ಹೇಳಿದ್ರು?"

"ಪ್ಲಾಸ್ಟಿಕ್ ಇದೆಯಲ್ಲ."

"ನಿಮ್ಮನೆ ಟಿವಿಗೆ ಇದೆಯಾ?"

ಫಿಕ್ರಿ ತಡವರಿಸಿದ. "ಇದೆ. ಆರು ವರ್ಷ ಆಯ್ತು."

"ನಮ್ಮೂರಲ್ಲಿ ಸೋಫಾದ ಪ್ಲಾಸ್ಟಿಕ್ ಹಾಳೆಯನ್ನೇ ತೆಗೆಯಲ್ಲ. ನೀವೆಲ್ಲ ಇದನ್ನ ನೋಡಿ ಹೊಸಾದು ಅಂದ್ರಿ. ನಿಮ್ಮ ತಪ್ಪಲ್ಲ, ನಮ್ಮೆಲ್ಲರದೂ ಅದೇ ಬುದ್ಧಿ." ಮುದುಕ ಎಳೆದ. "ಹೊಸ ಹಾಳೆ ಒಂದೇ ಎಳೆತಕ್ಕೆ ಪೂರ್ತಿ ಬರುತ್ತೆ. ಇದನ್ನ ನೋಡಿ."

ಹಾಳೆ ಹಪ್ಪಳದ ಹಾಗೆ ಚೂರುಚೂರಾಗಿ ಅವನ ಕೈಗೆ ಬಂತು.

"ಒಂದು ವರ್ಷವಾದರೂ ಟಿವಿಯ ಬಿಸಿಗೆ ಒಣಗಿದೆ. ಯಾರದೋ ಮನೆಯಲ್ಲಿ ಬಳಸಿದ ಟಿವಿ ಇದು."

"ಹಾಗಾದ್ರೆ ಇವನು ಹಳೇದು ತಂದು ಹಾಕಿದ," ಅಂದ ಶಹಾತಾ. ದನಿ ಒಂದು ಕೂದಲಷ್ಟು ಎತ್ತರವಾಗಿತ್ತು.

"ಹಾಕಬಹುದಿತ್ತು. ಅದಕ್ಕೇ ಹಿಂದೆ ಕೈಯಾಡಿಸಿದೆ." ಬಯೂಮಿ ಕರವಸ್ತ್ರವನ್ನು ಫಿಕ್ರಿಗೆ ಕೊಟ್ಟ. "ಗಾಳಿ ಹೋಗೋ ಸೀಳುಗಳಲ್ಲೆಲ್ಲ ಜಿಡ್ಡು. ಮೂಸಿ ನೋಡಿ. ಈ ಮನೇಲಿ ಒಲೆ ಇನ್ನೂ ಹೊತ್ತಿಲ್ಲ."

ಫಿಕ್ರಿ ಮೂಸಿದ. ಕರಿದ ಮೀನಿನ ಎಣ್ಣೆ. ನಿಧಾನವಾಗಿ ಭಾವನ ಕಡೆ ನೋಡಿದ.

"ಊರಲ್ಲಿ ಎಲ್ಲರ ಮನೇಲೂ ಮೀನು ಕರೀತಾರೆ," ಅಂದ ಶಹಾತಾ.

"ಹೌದು. ನಿಮ್ಮನೆಯ ಟಿವಿ ಯಾವುದು?"

ನಜ್ಲಾಳೇ ಹೇಳಿದಳು. "ಇದೇ ಕಂಪನಿ. ಏಳು. ಹೋದ ವರ್ಷ ತಂದ್ರು. ನಾನು ಒಂಬತ್ತು ತಗೊಂಡಾಗ, 'ಮಾವನಿಗಿಂತ ಹೆಚ್ಚಾದ್ಯಾ' ಅಂದಿದ್ರು. ತಮಾಷೆ ಅಂದ್ಕೊಂಡೆ."

"ಈ ಮಾವನ ಹೆಂಡತಿ, ನಿಮ್ಮತ್ತೆಗೆ ಫೋನ್ ಮಾಡು ಮಗಳೇ," ಅಂದ ಬಯೂಮಿ. " ಎಲ್ಲರಿಗೂ ಕೇಳಿಸೋ ಹಾಗೆ ಇಡು. ಟಿವಿ ಹಿಂದೆ ಕೇಬಲ್ ತೂತು ಎಷ್ಟಿವೆ, ಅಷ್ಟೇ ಕೇಳು."

ಶಹಾತಾ ಎದ್ದ. ಬಾಗಿಲ ಹತ್ತಿರ ಹೈಸಮ್ ಬಂದು ನಿಂತಿದ್ದ.

ಫೋನಿನ ಆ ಕಡೆ ಎಣ್ಣೆ ಚುರುಗುಟ್ಟುವ ಸದ್ದು. ಆಮೇಲೆ ಹೆಣ್ಣುದನಿ: "ಯಾಕಮ್ಮ, ನಿಮ್ಮದೂ ಕೆಟ್ಟಿತಾ? ತಾಳು, ನೋಡ್ತೀನಿ... ಒಂದು, ಎರಡು... ನಾಲ್ಕಿವೆ. ಅಂದಹಾಗೆ ನಿಮ್ಮ ಮಾವ ಅದೇನು ರಿಪೇರಿ ಮಾಡಿಸಿದ್ರೋ, ಈಗ ಎಷ್ಟು ಚೆನ್ನಾಗಿ ಕಾಣುತ್ತೆ ಗೊತ್ತಾ."

ನಜ್ಲಾ ಫೋನ್ ಇಟ್ಟಳು.

"ಎರಡು ತೂತಿನ ಏಳು ನಾಲ್ಕು ತೂತಿನದಾಗೋ ರಿಪೇರಿ ನನಗೆ ಗೊತ್ತಿಲ್ಲ," ಅಂದ ಬಯೂಮಿ. "ಪೆಟ್ಟಿಗೆ ಬಿಚ್ಚಿ ಹೊಸ ಟೇಪ್ ಹೊಡೆದವರೂ ನೀವೇ, ಬಾಗಿಲು ಹಾಕ್ಕೊಂಡು ತೂಗುಹಾಕಿದವರೂ ನೀವೇ ಶಹಾತಾ."

ಶಹಾತಾ ನೆಲ ನೋಡಿದ. "ಯಾರಿಗೂ ಗೊತ್ತಾಗಲ್ಲ ಅಂದ್ಕೊಂಡೆ. ಎರಡೂ ಒಂದೇ ಥರ ಇವೆ."

"ಗೊತ್ತಾದ ಮೇಲೆ ನೀನು ಈ ಹುಡುಗನ್ನ ಜೈಲಿಗೆ ಕಳಿಸ್ತಿದ್ದೆ," ಅಂದ ಫಿಕ್ರಿ. ಹೈಸಮ್‌ನ ಕಡೆ ತಿರುಗಿ ದನಿ ಇಳಿಸಿದ. "ಹೋಗ್ಲಿ. ಮನೆ ಮಾತು. ಬರೋದು ಬೇಡ ಅಂತ ಠಾಣೇಗೆ ಹೇಳಿಬಿಡು."

ಹೈಸಮ್ ಅವನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ನಜ್ಲಾಳನ್ನೇ ನೋಡುತ್ತಿದ್ದ.

"ನೀನೂ ನಂಬಿದ್ಯಾ?"

ಅವಳು ಕಣ್ಣು ತಪ್ಪಿಸಲಿಲ್ಲ. "ಅರ್ಧ ಗಂಟೆ ನಂಬಿದ್ದೆ. ಸುಳ್ಳು ಯಾಕೆ ಹೇಳ್ಲಿ."

ಬೀದಿಯಲ್ಲಿ ಪೊಲೀಸ್ ಜೀಪು ನಿಂತ ಸದ್ದು. ಮೆಟ್ಟಿಲ ಮೇಲೆ ಬೂಟುಕಾಲು.

"ನಜ್ಲಾ," ಅಂದ ಶಹಾತಾ. "ನಿನ್ನ ತಾಯಿಯ ಅಣ್ಣ ಕಣೇ ನಾನು."

ಅವಳು ಹೈಸಮ್‌ನ ಪಕ್ಕಕ್ಕೆ ಹೋಗಿ ನಿಂತಳು.

"ಬಾಗಿಲು ಬಿಡಿ," ಅಂದಳು ಅವನಿಗೆ. "ನಾನೇ ತೆಗೀತೀನಿ. ಕದ್ದದ್ದು ಯಾರು ಅಂತ ನಾನೇ ಹೇಳ್ತೀನಿ."