ಅವನು ಕೂರದ ಕುರ್ಚಿ

ಕೂತಿದ್ದರೆ ಅವನ ಗಂಟೇನು ಹೋಗುತ್ತಿತ್ತು? ಒಂದೇ ಒಂದು ನಿಮಿಷ... ನಮ್ಮ ಮನೆ ಹಿಡಿಸಲಿಲ್ಲವೇ? ಇಲ್ಲ, ಅವನು ಅಂಥವನಲ್ಲ. ಹಾಗಾದರೆ ಮತ್ತೇನು?

ನಿನ್ನೆಯಿಂದ ಅವಳ ತಲೆಯಲ್ಲಿ ಇದೇ ಗಿರಕಿ.

ಅವಳು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಅವನು ಅಲ್ಲಿನ ಹಳೆಯ ಕುರ್ಚಿಗಳಿಗೆ ಹೊಸ ಬೆತ್ತ ಹೆಣೆಯಲು ಬಂದವನು. ಎರಡು ತಿಂಗಳು ಅವನ ಬೆರಳುಗಳನ್ನೇ ನೋಡುತ್ತ ಅವಳು ಹೆಣಿಗೆಯನ್ನೂ ಕಲಿತಳು, ಮನಸ್ಸನ್ನೂ ಕೊಟ್ಟಳು. ಮನೆಗೆ ಬಂದು ಅಮ್ಮನನ್ನು ಕೇಳುತ್ತೇನೆ ಎಂದು ಅವನೇ ಅಂದಿದ್ದ.

ಅದಕ್ಕೇ ಅಲ್ಲವೇ ಅವಳು ತೀರಿಹೋದ ಅಪ್ಪನ ಕುರ್ಚಿಯನ್ನು ಮೂಲೆಯಿಂದ ಎತ್ತಿ ತಂದದ್ದು! ಬೆತ್ತ ನೆನೆಸಿ, ಬೆರಳು ಕುಯ್ದುಕೊಂಡು, ಅವನು ಬರುವ ಒಂದು ಗಂಟೆ ಮೊದಲು ಕೊನೆಯ ಎಳೆ ಬಿಗಿದಿದ್ದಳು. ಅವನಿಗೊಂದು ಮಾತೂ ಹೇಳಿರಲಿಲ್ಲ.

"ಕೂತ್ಕೊಳ್ಳಿ. ಇವಳಪ್ಪನ ಕುರ್ಚಿ," ಎಂದಿದ್ದರು ಅಮ್ಮ. "ಮಗಳೇ ಹೆಣೆದಿದಾಳೆ. ಎಲ್ಲಾದ್ರೂ ತಪ್ಪಿದ್ಯಾ ನೋಡಿ."

ಅವನು ಬಗ್ಗಿ ಬೆತ್ತದ ಮೇಲೆ ಬೆರಳಾಡಿಸಿದ. ಕಣ್ಣೆತ್ತಿ ಅವಳನ್ನು ನೋಡಿದ. ಅಬ್ಬಾ, ಆ ನೋಟ!

"ಒಂದೂ ತಪ್ಪಿಲ್ಲ," ಎಂದ.

ಆದರೆ ಕೂರಲಿಲ್ಲ.

"ಬೆನ್ನು ಹಿಡ್ಕೊಂಡಿದೆ. ನಿಂತೇ ಇರ್ತೀನಿ."

ಮಾತುಕತೆಗೆಂದು ಬಂದಿದ್ದ ಅವಳ ದೊಡ್ಡಪ್ಪ ಅದರಲ್ಲಿ ಕೂರಲು ಹೋದರೆ, "ನೀವಿಲ್ಲಿ ಬನ್ನಿ, ಗಾಳಿ ಬರುತ್ತೆ," ಎಂದು ಸ್ಟೂಲ್ ತೋರಿಸಿದ. ಒಂದು ಗಂಟೆ ಕುರ್ಚಿಯ ಬೆನ್ನು ಹಿಡಿದು ಕಾವಲುಗಾರನಂತೆ ನಿಂತ. ಹೊರಡುವಾಗ, "ಇದನ್ನ ಕಿಟಕಿ ಹತ್ರ ಇಡ್ಲಾ? ಎರಡು ದಿನ ಅಲ್ಲೇ ಇರ್ಲಿ," ಎಂದು ಕೇಳಿದ. ಎಳೆಯಲಿಲ್ಲ, ಎರಡೂ ಕೈಯಲ್ಲಿ ಎತ್ತಿ, ನೆಲಕ್ಕೂ ತಿಳಿಯದಂತೆ ಇಳಿಸಿದ. ಆ ನೋವಿನಲ್ಲೂ ಆ ಕೈಗಳನ್ನು ಮೆಚ್ಚಿಕೊಂಡ ತನ್ನ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಅವನ ಬೆನ್ನ ಹಿಂದೆ ಬಾಗಿಲು ಮುಚ್ಚಿದ್ದೇ ತಡ, ಅಮ್ಮ ಸಿಡಿದರು.

"ಬೆನ್ನು ನೋವಂತೆ! ಕುರ್ಚಿ ಎತ್ತೋಕೆ ಬರುತ್ತೆ, ಕೂರೋಕೆ ಬರಲ್ಲ! ನಿಮ್ಮಪ್ಪನ ಜಾಗಕ್ಕೇ ಮರ್ಯಾದೆ ಕೊಡದವನು ನಿಂಗೇನು ಕೊಡ್ತಾನೆ? ನಾಳೆನೇ ಹೋಗಿ ಬೇಡ ಅಂದ್ಬಿಡು."

ಈಗ ಅದನ್ನೇ ಹೇಳಲು ಅವಳು ಅವನ ಅಂಗಡಿಯ ಮುಂದೆ ನಿಂತಿದ್ದಳು.

ಒಳಗೆ ಒಬ್ಬ ಡಾಕ್ಟರಮ್ಮ ತಮ್ಮ ಕುರ್ಚಿ ಒಯ್ಯಲು ಬಂದಿದ್ದರು. "ಮುಗೀತಲ್ಲಪ್ಪಾ, ಒಂದ್ಸಲ ಕೂತು ನೋಡ್ತೀನಿ."

"ಅಯ್ಯೋ, ಬೇಡಮ್ಮ! ಹಸಿ ಬೆತ್ತ. ಒಣಗೋಕೆ ಎರಡು ದಿನ ಬೇಕು. ಈಗ ಕೂತ್ರೆ ಹಳ್ಳ ಬೀಳುತ್ತೆ, ಮತ್ತೆ ಬಿಗಿಯಾಗಲ್ಲ. ಪೂರ್ತಿ ಬಿಚ್ಚಬೇಕಾಗುತ್ತೆ."

ಅವಳು ಹೊಸ್ತಿಲಲ್ಲೇ ನಿಂತುಬಿಟ್ಟಳು.

ಹೆಣೆಯುವುದನ್ನು ನೋಡಿ ಕಲಿತಿದ್ದಳು. ಕಾಯುವುದನ್ನು ಕಲಿತಿರಲಿಲ್ಲ! ಗ್ರಂಥಾಲಯದಲ್ಲಿ ಹೆಣೆದ ಕುರ್ಚಿಗಳು ಮಹಡಿಗೆ ಹೋಗಿ ಎರಡು ದಿನ ಅಲ್ಲೇ ಇರುತ್ತಿದ್ದವು. ಏಕೆಂದು ಅವಳು ಕೇಳಿರಲೇ ಇಲ್ಲ.

ಡಾಕ್ಟರಮ್ಮ ಹೋದ ಮೇಲೆ ಒಳಗೆ ಬಂದಳು. ಕಣ್ಣು ತುಂಬಿತ್ತು.

"ಬೆನ್ನು ಹೇಗಿದೆ?"

"ಪರವಾಗಿಲ್ಲ..."

"ಸುಳ್ಳುಗಾರ! ಒದ್ದೆ ಇದೆ ಅಂತ ಒಂದು ಮಾತು ಹೇಳಿದ್ರೆ ಆಗ್ತಿರ್ಲಿಲ್ವಾ? ನಿಮ್ಮನ್ನ ಬೇಡ ಅನ್ನೋಕೆ ಬಂದಿದ್ದೆ ನಾನು!"

ಅವನ ಕೈಯ ಬೆತ್ತ ಜಾರಿತು.

"ನಿಮ್ಮಮ್ಮ ಅಷ್ಟು ಹೆಮ್ಮೆಯಿಂದ ತೋರಿಸ್ತಿದ್ರು. ಅವರ ಮನೆಗೆ ಮೊದಲ ಸಲ ಬಂದವನು ನಾನು. ಅಂಥಾ ಹೊತ್ತಲ್ಲಿ ಹೇಗೆ ಬಾಯಿ ಬರುತ್ತೆ?... ನಂಗೋಸ್ಕರ ಹೆಣೆದಿದ್ರಿ. ಹಾಳು ಮಾಡೋಕೆ ಮನಸ್ಸಾಗಲಿಲ್ಲ."

"ಅದಕ್ಕೆ ನನ್ನನ್ನೇ ಕಳ್ಕೊಳ್ತಿದ್ರಾ?"

"ಅಷ್ಟು ದೂರ ಯೋಚಿಸಿರ್ಲಿಲ್ಲ," ಎಂದ ಪೆಚ್ಚಾಗಿ. "ನಿಮ್ಮ ಗಂಟುಗಳನ್ನೇ ನೋಡ್ತಾ ನಿಂತ್ಬಿಟ್ಟೆ. ಅಷ್ಟು ಚೆನ್ನಾಗಿದ್ವು."

ಅವಳಿಗೆ ಅಳುವಿನ ನಡುವೆಯೇ ನಗು ಬಂತು.

"ನಾಳೆ ಸಂಜೆ ಬನ್ನಿ. ಅಮ್ಮನ ಹತ್ರ ಬೈಸ್ಕೋಬೇಕಾಗುತ್ತೆ."

"ಬೈಯಲಿ. ಕೂತ್ಕೊಂಡು ಬೈಸ್ಕೋತೀನಿ."

ಆ ರಾತ್ರಿ ಅಮ್ಮನಿಗೆ ಎಲ್ಲವನ್ನೂ ಅವಳೇ ಹೇಳಿದಳು. ಒದ್ದೆ ಕುರ್ಚಿ ಇಟ್ಟ ತಪ್ಪು ನಿನ್ನದು ಎಂದು ಅವಳಿಗೆ ಅವನು ಮಾತ್ರ ಮದುವೆಗೆ ಮೊದಲೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.